ದೂಳಿನ ಆಚೆಯ ನಕ್ಷತ್ರಗಳು, 3.4 ಮೈಕ್ರಾನಿನ ಹಳ್ಳ: ಪದೇ ಪದೇ ಕೇಳುವ ಪ್ರಶ್ನೆಗಳು

‘ಬಾಹ್ಯಾಕಾಶದಲ್ಲಿ ಸಾವಯವ ವಸ್ತು ಪತ್ತೆ’ ಎಂಬ ತಲೆಬರಹ ಆಗಾಗ ಕಣ್ಣಿಗೆ ಬೀಳುತ್ತದೆ. (ಸಾವಯವ ಅಂದರೆ ಇಲ್ಲಿ ಕಾರ್ಬನ್, ಹೈಡ್ರೋಜನ್ ಸೇರಿದ ವಸ್ತು, ಜೀವಿಯಿಂದಲೇ ಬಂದಿರಬೇಕಿಲ್ಲ.) ಕೆಳಗೆ ನೀಹಾರಿಕೆಯ ಬಣ್ಣಬಣ್ಣದ ಚಿತ್ರ ಇರುತ್ತದೆ, ಪತ್ತೆ ಮಾಡಿದ್ದು ಹೇಗೆ ಅನ್ನುವುದು ಮಾತ್ರ ಇರುವುದಿಲ್ಲ. ಆ ‘ಹೇಗೆ’ ಬಗ್ಗೆ ವಿದ್ಯಾರ್ಥಿಗಳೂ ಕುತೂಹಲಿಗಳೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೆಲವಕ್ಕೆ ಎರಡು ಸಾಲು ಸಾಕು, ಕೆಲವಕ್ಕೆ ಸಾಲದು.

ನಕ್ಷತ್ರ ದೂಳಿನಿಂದ ಕೆಂಪಾಗುವುದು ಅಂದರೆ ಏನು?

ನಕ್ಷತ್ರಗಳ ನಡುವಿನ ಜಾಗ ಪೂರ್ತಿ ಖಾಲಿಯಲ್ಲ. ಅಲ್ಲಿ ತೆಳುವಾದ ಅನಿಲವಿದೆ, ಅದರ ತೂಕದ ಸುಮಾರು ನೂರನೇ ಒಂದು ಪಾಲಿನಷ್ಟು ದೂಳಿದೆ. ದೂಳು ಅಂದರೆ ನಮ್ಮ ಅಂಗಳದ ಮಣ್ಣಲ್ಲ. ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದ ಆಸುಪಾಸಿನ ಕಣಗಳು, ಸಿಗರೇಟು ಹೊಗೆಯ ಕಣಗಳಿಗಿಂತಲೂ ಅಷ್ಟೇನೂ ದೊಡ್ಡವಲ್ಲ. ಇಂಥ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ, ಹೆಚ್ಚು ಹೀರುತ್ತವೆ. ಕೆಂಪು ಬೆಳಕಿಗೆ ಅಷ್ಟು ಕಾಟ ಕೊಡುವುದಿಲ್ಲ. ಹಾಗಾಗಿ ದೂಳನ್ನು ಹಾದು ಬಂದ ನಕ್ಷತ್ರದ ಬೆಳಕು ಮಂಕಾಗುತ್ತದೆ, ಜೊತೆಗೆ ಕೆಂಪಾಗಿಯೂ ಕಾಣುತ್ತದೆ.

ಒಳ್ಳೆಯ ಉದಾಹರಣೆ ಸಿಗ್ನಸ್ ಒಬಿ2 ಗುಂಪಿನ 12ನೇ ನಕ್ಷತ್ರ. ಅದು ನಿಜಕ್ಕೂ ಬಿಸಿಯಾದ ನೀಲಿ ನಕ್ಷತ್ರ, ಆಕಾಶಗಂಗೆಯಲ್ಲೇ ಅತಿ ಪ್ರಕಾಶಮಾನವಾದವುಗಳಲ್ಲಿ ಒಂದು. ನಡುವೆ ದೂಳು ಇಲ್ಲದಿದ್ದರೆ ರಾತ್ರಿಯಾಕಾಶದ ಎದ್ದು ಕಾಣುವ ನಕ್ಷತ್ರಗಳ ಸಾಲಿನಲ್ಲಿ ಇರುತ್ತಿತ್ತು. ದೂಳು ಅದರ ಬೆಳಕನ್ನು ಸುಮಾರು 10 ಮ್ಯಾಗ್ನಿಟ್ಯೂಡ್ (ನಕ್ಷತ್ರದ ಹೊಳಪಿನ ಅಳತೆ), ಅಂದರೆ ಹತ್ತು ಸಾವಿರ ಪಟ್ಟು ಕುಗ್ಗಿಸಿದೆ. ಈಗ ಅದನ್ನು ನೋಡಲು ದೂರದರ್ಶಕ ಬೇಕು, ನೋಡಿದರೆ ಕೆಂಪಗಿದೆ.

ಇದು ವಿಶ್ವ ಹಿಗ್ಗುವುದರಿಂದ ಆಗುವ ಕೆಂಪು ಪಲ್ಲಟ ತಾನೆ?

ಅಲ್ಲ. ಕೆಂಪು ಪಲ್ಲಟದಲ್ಲಿ ರೋಹಿತದ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ, ಗೆರೆಗಳೇ ಜಾಗ ಬದಲಿಸುತ್ತವೆ. ದೂಳಿನ ಕೆಂಪಿನಲ್ಲಿ ಗೆರೆಗಳು ಇದ್ದಲ್ಲೇ ಇರುತ್ತವೆ, ನೀಲಿ ಕಡೆಯ ಬೆಳಕು ಕಳೆದುಹೋಗಿರುತ್ತದೆ, ಅಷ್ಟೇ.

ನಕ್ಷತ್ರ ಹುಟ್ಟಾ ಕೆಂಪೋ, ದೂಳಿನಿಂದ ಕೆಂಪೋ ಅಂತ ತಿಳಿಯುವುದು ಹೇಗೆ?

ಆ ಗೆರೆಗಳಿಂದಲೇ. ಯಾವ ಧಾತುವಿನ ಯಾವ ಗೆರೆ ಎಷ್ಟು ಗಾಢವಾಗಿದೆ ಎಂಬುದು ನಕ್ಷತ್ರದ ಮೇಲ್ಮೈ ಉಷ್ಣತೆಯನ್ನು ಹೇಳುತ್ತದೆ. ಉಷ್ಣತೆ ಗೊತ್ತಾದರೆ ಅದರ ಸಹಜ ಬಣ್ಣ ಗೊತ್ತಾಗುತ್ತದೆ. ಕಂಡ ಬಣ್ಣಕ್ಕೂ ಸಹಜ ಬಣ್ಣಕ್ಕೂ ಇರುವ ವ್ಯತ್ಯಾಸವೇ ದೂಳಿನ ಲೆಕ್ಕ. ನಮ್ಮ ಸುತ್ತಿನ ಸಾಮಾನ್ಯ ದೂಳಿಗೆ ಈ ವ್ಯತ್ಯಾಸವನ್ನು 3.1ರಿಂದ ಗುಣಿಸಿದರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಎಷ್ಟು ಮ್ಯಾಗ್ನಿಟ್ಯೂಡ್ ಮಂಕಾಗಿದೆ ಎಂದು ಸಿಗುತ್ತದೆ. ನಕ್ಷತ್ರಗಳ ನಡುವೆ ಇಂಥ ದೂಳು ಎಲ್ಲೆಡೆ ಹರಡಿದೆ ಎಂಬುದನ್ನು 1930ರಲ್ಲಿ ರಾಬರ್ಟ್ ಟ್ರಂಪ್ಲರ್ ನಕ್ಷತ್ರಗುಚ್ಛಗಳ ಗಾತ್ರ ಮತ್ತು ಹೊಳಪನ್ನು ಹೋಲಿಸಿ ಖಚಿತಪಡಿಸಿದರು. ಅದಕ್ಕೂ ಮೊದಲು ಆಕಾಶಗಂಗೆಯ ಅಳತೆಗಳೆಲ್ಲ ದೂಳನ್ನು ಲೆಕ್ಕಕ್ಕೇ ಹಿಡಿಯದೆ ದಾರಿ ತಪ್ಪುತ್ತಿದ್ದವು.

ಹಾಗಾದರೆ ಅವಕೆಂಪಿನಲ್ಲೇ ನೋಡುವುದೇಕೆ?

ಎರಡು ಕಾರಣ. ಮೊದಲನೆಯದು, ಅವಕೆಂಪು (ಕೆಂಪಿಗಿಂತ ಉದ್ದ ಅಲೆಯ, ಕಣ್ಣಿಗೆ ಕಾಣದ) ಬೆಳಕು ದೂಳನ್ನು ದಾಟಿ ಬರುತ್ತದೆ. ನಮ್ಮ ಆಕಾಶಗಂಗೆಯ ಕೇಂದ್ರ ಸುಮಾರು 26 ಸಾವಿರ ಜ್ಯೋತಿರ್ವರ್ಷ ದೂರದಲ್ಲಿ, ಧನು ರಾಶಿಯ ದಿಕ್ಕಿನಲ್ಲಿದೆ. ಅಲ್ಲಿಂದ ಹೊರಟ ಕಣ್ಣಿಗೆ ಕಾಣುವ ಬೆಳಕು ಇಲ್ಲಿಗೆ ತಲುಪುವಷ್ಟರಲ್ಲಿ ಸುಮಾರು 30 ಮ್ಯಾಗ್ನಿಟ್ಯೂಡ್ ಕುಗ್ಗಿರುತ್ತದೆ. ಲಕ್ಷ ಕೋಟಿ ಫೋಟಾನುಗಳು ಹೊರಟರೆ ಒಂದು ತಲುಪಿದಂತೆ. ಅದೇ ದಾರಿಯಲ್ಲಿ 2.2 ಮೈಕ್ರಾನಿನ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಅವಕೆಂಪು ಬೆಳಕಿನಲ್ಲಿ ಹತ್ತಕ್ಕೆ ಒಂದು ಉಳಿಯುತ್ತದೆ, 3.5 ಮೈಕ್ರಾನಿನ ಹತ್ತಿರ ಮೂರಕ್ಕೆ ಒಂದು.

ಎರಡನೆಯ ಕಾರಣವೇ ನಮಗೆ ಮುಖ್ಯ. ಅಣುಗಳಲ್ಲಿ ಪರಮಾಣುಗಳನ್ನು ಹಿಡಿದಿಟ್ಟ ಬಂಧಗಳು ಕಂಪಿಸುತ್ತಿರುತ್ತವೆ, ಆ ಕಂಪನದ ಆವರ್ತಾಂಕಗಳು ಬೀಳುವುದು ಅವಕೆಂಪಿನಲ್ಲೇ. ಆಕ್ಸಿಜನ್-ಹೈಡ್ರೋಜನ್ ಬಂಧ 3 ಮೈಕ್ರಾನ್ ಸುತ್ತ ಬೆಳಕನ್ನು ಹೀರುತ್ತದೆ. ಸಿಲಿಕನ್-ಆಕ್ಸಿಜನ್ ಬಂಧ 9.7 ಮೈಕ್ರಾನಿನಲ್ಲಿ, ಕಾರ್ಬನ್-ಹೈಡ್ರೋಜನ್ ಬಂಧ 3.3ರಿಂದ 3.5ರ ನಡುವೆ. ದೂಳು ಯಾವುದರಿಂದ ಆಗಿದೆ ಎಂದು ಕೇಳಬೇಕಾದರೆ ದೂಳಿನ ಹಿಂದೆ ಒಂದು ಹೊಳೆಯುವ ನಕ್ಷತ್ರ ಬೇಕು, ಅದರ ರೋಹಿತದಲ್ಲಿ ಎಲ್ಲೆಲ್ಲಿ ಬೆಳಕು ಕಡಿಮೆಯಾಗಿ ಹಳ್ಳ ಬಿದ್ದಿದೆ ಎಂದು ನೋಡಬೇಕು. ದೂಳಿನಲ್ಲಿ ಮುಳುಗಿ ಕೆಂಪಾದ ನಕ್ಷತ್ರಗಳನ್ನೇ ಹುಡುಕಿಕೊಂಡು ಹೋಗುವುದು ಇದಕ್ಕೇ.

3.4 ಮೈಕ್ರಾನ್ ಹಳ್ಳದಲ್ಲಿ ಅಂಥದ್ದೇನಿದೆ?

ರಸಾಯನಶಾಸ್ತ್ರ ಎಂ.ಎಸ್ಸಿ. ಓದಿದವರಿಗೆ ಇದು ಹಳೆಯ ಪರಿಚಯ. ಅವಕೆಂಪು ರೋಹಿತ ತೆಗೆಯುವ ಕಾಲೇಜಿನ ಎಫ್‌ಟಿಐಆರ್ ಯಂತ್ರಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ನೋಡಿ. ಅಲೆಸಂಖ್ಯೆ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಎಂಬ ಲೆಕ್ಕ) 2925 ಮತ್ತು 2855ರ ಹತ್ತಿರ ಎರಡು ಚೂಪಾದ ಗುರುತುಗಳು ಬರುತ್ತವೆ, 2955ರ ಬಳಿ ಭುಜದಂತೆ ಇನ್ನೊಂದು. ತುಪ್ಪ, ಮೇಣದಬತ್ತಿ, ಪಾಲಿಥೀನ್ ಚೀಲ, ಏನೇ ಇಟ್ಟರೂ ಅದೇ ಜಾಗ. ಉದ್ದನೆಯ ಸರಪಳಿಯಂತೆ ಜೋಡಿಸಿಕೊಂಡ ಕಾರ್ಬನ್‌ಗೆ ಅಂಟಿದ ಹೈಡ್ರೋಜನ್ ಹಿಗ್ಗಿ ಕುಗ್ಗುವ ಗುರುತು ಅದು. ಆ ಅಲೆಸಂಖ್ಯೆಗಳನ್ನು ತರಂಗದೂರಕ್ಕೆ ಬದಲಿಸಿದರೆ 3.4 ಮೈಕ್ರಾನಿನ ಆಸುಪಾಸಿಗೆ ಬರುತ್ತವೆ.

ಆಕಾಶಗಂಗೆಯ ಕೇಂದ್ರದ ಕಡೆಗೆ ನೋಡಿದಾಗ ಕಾಣುವುದೂ ಇದೇ ಹಳ್ಳ, ಆದರೆ ಅಗಲವಾಗಿ. ಅದರೊಳಗೆ 3.38, 3.42 ಮತ್ತು 3.48 ಮೈಕ್ರಾನಿನಲ್ಲಿ ಸಣ್ಣ ತಗ್ಗುಗಳಿವೆ. ಮೊದಲನೆಯದು ಸರಪಳಿಯ ತುದಿಯಲ್ಲಿ ಕೂರುವ ಸಿಎಚ್3 ಗುಂಪಿನದು, ಎರಡನೆಯದು ನಡುವೆ ಕೂರುವ ಸಿಎಚ್2 ಗುಂಪಿನದು. ಎರಡರ ಆಳವನ್ನು ಹೋಲಿಸಿದರೆ ಪ್ರತಿ ಸಿಎಚ್3ಗೆ ಸುಮಾರು ಎರಡೂವರೆ ಸಿಎಚ್2 ಇವೆ ಎಂದು ತಿಳಿಯುತ್ತದೆ. ಅಂದರೆ ಸರಪಳಿಗಳು ಗಿಡ್ಡ, ಅಥವಾ ಕವಲೊಡೆದವು. ಕೊಬ್ಬರಿ ಎಣ್ಣೆಯ ಸರಪಳಿಗಳು ಇದಕ್ಕಿಂತ ಬಹಳ ಉದ್ದ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಈ ಪುಟದ ಅರ್ಧ ಪ್ರಶ್ನೆಗಳು ಹುಟ್ಟುವುದು ಇದನ್ನು ಮರೆತಾಗ. ಘನ ಕಣದ ಅವಕೆಂಪು ರೋಹಿತ ಬಂಧವನ್ನು ತೋರಿಸುತ್ತದೆ, ವಸ್ತುವಿನ ಹೆಸರನ್ನು ಹೇಳುವುದಿಲ್ಲ. ಕಾರ್ಬನ್‌ಗೆ ಹೈಡ್ರೋಜನ್ ಅಂಟಿದೆ ಎನ್ನುವ ತನಕ ನಾವು ಗಟ್ಟಿ ನೆಲದ ಮೇಲಿದ್ದೇವೆ. ಅದು ಇಂಥದ್ದೇ ಪದಾರ್ಥ ಅನ್ನಲು ಬೇರೆ ಸಾಕ್ಷಿಗಳು ಬೇಕು.

ಇದನ್ನು ಮೊದಲು ಕಂಡವರು ಯಾರು?

1970ರ ದಶಕದ ಕೊನೆಗೆ ಸುಳಿವುಗಳು ಇದ್ದವು. ಹೆಸರಾದ ದಾಖಲೆ 1980ರದ್ದು. ಡಯಾಲ್ ವಿಕ್ರಮಸಿಂಘೆ ಮತ್ತು ಡೇವಿಡ್ ಅಲೆನ್ ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್‌ನಲ್ಲಿರುವ 3.9 ಮೀಟರ್ ಆಂಗ್ಲೋ-ಆಸ್ಟ್ರೇಲಿಯನ್ ದೂರದರ್ಶಕವನ್ನು ಜಿಸಿ-ಐಆರ್‌ಎಸ್ 7 ಎಂಬ ಅವಕೆಂಪು ಮೂಲದ ಕಡೆ ತಿರುಗಿಸಿದರು. ಅದೊಂದು ಕೆಂಪು ಮಹಾದೈತ್ಯ ನಕ್ಷತ್ರ. ಆಕಾಶದಲ್ಲಿ ಅಳೆದರೆ ನಮ್ಮ ಗ್ಯಾಲಕ್ಸಿಯ ಕೇಂದ್ರದ ಕಪ್ಪುಕುಳಿಗೆ ಕೇವಲ 6 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಆಚೆ. ಸುತ್ತಲಿನ ನಕ್ಷತ್ರಗಳಿಗಿಂತ ಹತ್ತಿರ-ಅವಕೆಂಪಿನಲ್ಲಿ ಬಹಳ ಪ್ರಖರ, ಆದ್ದರಿಂದ ಅಂದಿನ ಉಪಕರಣಗಳಿಗೂ ಸಿಕ್ಕಿತು. 3.4 ಮೈಕ್ರಾನಿನಲ್ಲಿ ಅದರ ಬೆಳಕಿನ ಶೇ. 15-20ರಷ್ಟು ಮಾಯವಾಗಿತ್ತು.

ಆ ಹಳ್ಳ ನಕ್ಷತ್ರದ್ದೇ ಯಾಕಾಗಿರಬಾರದು?

ಸರಿಯಾದ ಅನುಮಾನ. ಕೆಂಪು ಮಹಾದೈತ್ಯದ ವಾತಾವರಣ ತಣ್ಣಗಿರುತ್ತದೆ, ಅಲ್ಲೇ ಅಣುಗಳು ಇರುತ್ತವೆ. ಐಆರ್‌ಎಸ್ 7ರ ರೋಹಿತದಲ್ಲಿ 2.3 ಮೈಕ್ರಾನಿನ ಕಾರ್ಬನ್ ಮಾನಾಕ್ಸೈಡ್ ಪಟ್ಟಿಗಳು ಅದರ ಸ್ವಂತದವೇ.

ಹಾಗಾಗಿ ಬೇರೆ ಬೇರೆ ಬಗೆಯ ನಕ್ಷತ್ರಗಳನ್ನು ನೋಡಿದರು. ಮೇಲೆ ಹೇಳಿದ ಸಿಗ್ನಸ್ ಒಬಿ2-12 ಬಿಸಿ ನಕ್ಷತ್ರ, ಅದರ ಮೈಮೇಲೆ ಹೈಡ್ರೋಕಾರ್ಬನ್ ಉಳಿಯುವ ಮಾತೇ ಇಲ್ಲ. ಅಲ್ಲೂ 3.4ರ ಹಳ್ಳ ಸಿಕ್ಕಿತು, ಶೇ. 4ರಷ್ಟು ಮಾತ್ರ. ಕೇಂದ್ರದ ಬಳಿಯ ಕ್ವಿಂಟುಪ್ಲೆಟ್ ಗುಚ್ಛದಲ್ಲಿ ತಮ್ಮ ಸುತ್ತ ದೂಳಿನ ಹೊದಿಕೆ ಕಟ್ಟಿಕೊಂಡ ವೂಲ್ಫ್-ರಾಯೆ ಎಂಬ ಬಗೆಯ ಬಿಸಿ ನಕ್ಷತ್ರಗಳಿವೆ. ಅವುಗಳ ರೋಹಿತ ನುಣುಪಾಗಿ ಹರಿಯುವುದರಿಂದ ಹಿನ್ನೆಲೆಗೆ ಹೇಳಿ ಮಾಡಿಸಿದಂಥವು. ಅಲ್ಲೂ ಅದೇ ಹಳ್ಳ, ಅದೇ ಆಕಾರ. ಮೂರು ಜಾತಿಯ ನಕ್ಷತ್ರಗಳಲ್ಲಿ ಒಂದೇ ಗುರುತು ಬಂದರೆ ಅದು ನಡುವಿನ ದಾರಿಯದ್ದೇ.

ದೂರದರ್ಶಕದ ಗ್ರೀಸೋ, ಭೂಮಿಯ ಗಾಳಿಯೋ ಮೋಸ ಮಾಡಿರಬಹುದಲ್ಲ?

ಎರಡೂ ನಿಜವಾದ ತೊಂದರೆಗಳೇ. ಬೆರಳಿನ ಜಿಡ್ಡು, ನಿರ್ವಾತ ಪಂಪಿನ ಎಣ್ಣೆ ಇವು ಪ್ರಯೋಗಾಲಯದಲ್ಲಿ ಸರಿಯಾಗಿ 3.4ರಲ್ಲೇ ಕಾಣಿಸಿಕೊಳ್ಳುತ್ತವೆ. ನಮ್ಮ ವಾತಾವರಣದ ಮೀಥೇನ್ 3.3ರ ಬಳಿ ದಟ್ಟ ಗೆರೆಗಳ ಸಾಲನ್ನೇ ನಿಲ್ಲಿಸಿದೆ, ನೀರಾವಿಯೂ ತನ್ನ ಪಾಲು ಸೇರಿಸುತ್ತದೆ. ಸಾಲದ್ದಕ್ಕೆ ಈ ತರಂಗದೂರದಲ್ಲಿ ಆಕಾಶ, ಕನ್ನಡಿ, ಗುಮ್ಮಟದ ಗೋಡೆ ಎಲ್ಲವೂ ತಮ್ಮ ಶಾಖದಿಂದಲೇ ಹೊಳೆಯುತ್ತಿರುತ್ತವೆ.

ಆಕಾಶದ ಹೊಳಪನ್ನು ತೆಗೆಯಲು ನಕ್ಷತ್ರವನ್ನೊಮ್ಮೆ, ಪಕ್ಕದ ಖಾಲಿ ಜಾಗವನ್ನೊಮ್ಮೆ ನೋಡಿ ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಆಮೇಲೆ ಅದೇ ಎತ್ತರದಲ್ಲಿರುವ, ದೂಳಿಲ್ಲದ ಮಾದರಿ ನಕ್ಷತ್ರವೊಂದನ್ನು ಅದೇ ಉಪಕರಣದಲ್ಲಿ ನೋಡಿ, ಅದರ ರೋಹಿತದಿಂದ ಭಾಗಿಸುತ್ತಾರೆ. ಗಾಳಿಯೂ ಜಿಡ್ಡೂ ಎರಡು ರೋಹಿತಗಳಲ್ಲೂ ಸಮನಾಗಿ ಇರುವುದರಿಂದ ಭಾಗಾಕಾರದಲ್ಲಿ ಬಿದ್ದುಹೋಗುತ್ತವೆ. ಇದು ಕೇಳಲು ಸುಲಭ. ಮಾದರಿ ನಕ್ಷತ್ರದ ಎತ್ತರ ಸ್ವಲ್ಪ ಹೆಚ್ಚು ಕಡಿಮೆಯಾದರೂ 3.3ರ ಬಳಿ ಇಲ್ಲದ ಉಬ್ಬು, ಇಲ್ಲದ ತಗ್ಗು ಹುಟ್ಟಿಕೊಳ್ಳುತ್ತವೆ. ಹಳೆಯ ಪ್ರಬಂಧಗಳಲ್ಲಿ ಆ ಭಾಗದ ಚುಕ್ಕೆಗಳನ್ನು ಅನುಮಾನದಿಂದಲೇ ನೋಡುವುದು ಒಳ್ಳೆಯದು. ಹವಾಯಿಯ ಮೌನಾ ಕಿಯ ಎತ್ತರದಿಂದ, ಆಮೇಲೆ ವಾತಾವರಣದ ಹಂಗಿಲ್ಲದ, ಯುರೋಪಿನ ಐಎಸ್‌ಒ ಎಂಬ ಅವಕೆಂಪು ಉಪಗ್ರಹದಿಂದ ನೋಡಿದಾಗಲೂ 3.4ರ ಹಳ್ಳ ಅಲುಗಲಿಲ್ಲ. ಜೊತೆಗೆ 6.85 ಮತ್ತು 7.25 ಮೈಕ್ರಾನಿನಲ್ಲಿ ಅದೇ ಗುಂಪುಗಳು ಬಾಗುವ ಗುರುತುಗಳೂ ಸಿಕ್ಕವು.

ದಟ್ಟ ಮೋಡಗಳಲ್ಲಿ ಸಾವಯವ ವಸ್ತು ಇನ್ನೂ ಹೆಚ್ಚಿರಬೇಕಲ್ಲ?

ಇರಬೇಕು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ವೃಷಭ ರಾಶಿಯ, ಅನಿಲ ಮತ್ತು ದೂಳಿನ ದಟ್ಟ ಮೋಡದ ಹಿಂದೆ ಇಲಿಯಾಸ್ 16 ಎಂಬ ದೈತ್ಯ ನಕ್ಷತ್ರವಿದೆ, 20 ಮ್ಯಾಗ್ನಿಟ್ಯೂಡಿಗೂ ಮಿಕ್ಕಿ ದೂಳಿನ ಹಿಂದೆ. ಅದರ ರೋಹಿತದಲ್ಲಿ 3.0 ಮೈಕ್ರಾನಿನ ನೀರ್ಗಲ್ಲಿನ ಹಳ್ಳ ಬಾವಿಯಂತಿದೆ. ಕಾರ್ಬನ್ ಮಾನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್ ಹಿಮವೂ ಇದೆ. 3.4ರ ಆ ಪರಿಚಿತ ಮೂರು ತಗ್ಗುಗಳ ಹಳ್ಳ ಮಾತ್ರ ಇಲ್ಲ. ದಟ್ಟ ಮೋಡಗಳಲ್ಲಿ 3.47ರ ಬಳಿ ಬೇರೆಯದೇ ಒಂದು ತಗ್ಗು ಸಿಗುತ್ತದೆ, ಅವಸರದಲ್ಲಿ ಎರಡನ್ನೂ ಒಂದೇ ಎಂದು ಬರೆದುಬಿಡುವವರಿದ್ದಾರೆ. ಸಿಗ್ನಸ್ ಒಬಿ2-12ರಲ್ಲಿ ಇದರ ತದ್ವಿರುದ್ಧ: 3.4 ಇದೆ, ಹಿಮದ ಸುಳಿವಿಲ್ಲ.

ಇದನ್ನು ವಿವರಿಸಲು ಇಟಲಿಯ ವಿಟೊ ಮೆನ್ನೆಲ್ಲಾ ತಂಡದ ಪ್ರಯೋಗಗಳು ನೆರವಾದವು. ಹೈಡ್ರೋಜನ್ ಇಲ್ಲದ ಕಾರ್ಬನ್ ಕಣಗಳ ಮೇಲೆ ಬಿಡಿ ಹೈಡ್ರೋಜನ್ ಪರಮಾಣುಗಳನ್ನು ಹಾಯಿಸಿದರೆ 3.4ರ ಗುರುತು ಹುಟ್ಟುತ್ತದೆ. ಅತಿನೇರಳೆ ಬೆಳಕನ್ನೋ ವೇಗದ ಅಯಾನುಗಳನ್ನೋ ಬಿಟ್ಟರೆ ಅಳಿಯುತ್ತದೆ. ತೆಳು ಮಾಧ್ಯಮದಲ್ಲಿ, ಅಂದರೆ ದಟ್ಟ ಮೋಡಗಳ ಹೊರಗಿನ ತೆಳುವಾದ ಅನಿಲದಲ್ಲಿ, ಬಿಡಿ ಹೈಡ್ರೋಜನ್ ಧಾರಾಳ, ಅಳಿದದ್ದು ಮತ್ತೆ ಕಟ್ಟಿಕೊಳ್ಳುತ್ತದೆ. ದಟ್ಟ ಮೋಡದಲ್ಲಿ ಹೈಡ್ರೋಜನ್ ಬಹುಪಾಲು ಜೋಡಿ ಅಣುವಾಗಿ ಹೋಗಿರುತ್ತದೆ, ಕಣದ ಮೇಲೆ ಹಿಮದ ಪದರ ಕೂತಿರುತ್ತದೆ, ಮರುಕಟ್ಟುವಿಕೆ ನಿಲ್ಲುತ್ತದೆ. ಕಾಸ್ಮಿಕ್ ಕಿರಣಗಳ ಹೊಡೆತ ಮಾತ್ರ ನಿಲ್ಲುವುದಿಲ್ಲ. ನನಗೆ ಒಪ್ಪಿಗೆಯಾಗುವ ವಿವರಣೆ ಇದು.

ಆ ಸಾವಯವ ವಸ್ತು ಸಿಲಿಕೇಟ್ ಕಣದ ಮೇಲಿನ ಲೇಪವೇ?

ಲೈಡನ್‌ನ ಮೇಯೊ ಗ್ರೀನ್‌ಬರ್ಗ್ ಹಾಗೆ ವಾದಿಸಿದ್ದರು: ಸಿಲಿಕೇಟ್ (ಸಿಲಿಕನ್, ಆಕ್ಸಿಜನ್ ಸೇರಿದ ಕಲ್ಲಿನಂಥ ವಸ್ತು) ತಿರುಳಿನ ಮೇಲೆ ಹಿಮ ಕೂರುತ್ತದೆ, ಅತಿನೇರಳೆ ಬೆಳಕಿಗೆ ಅದು ಬೆಂದು ಜಿಗುಟು ಸಾವಯವ ಪದರವಾಗುತ್ತದೆ. ಪ್ರಯೋಗಾಲಯದಲ್ಲಿ ಅಂಥ ಹಳದಿ ಶೇಷವನ್ನು ಅವರು ತಯಾರಿಸಿಯೂ ತೋರಿಸಿದರು.

ಇದನ್ನು ಪರೀಕ್ಷಿಸಿದ ಬಗೆ ಈ ಕ್ಷೇತ್ರದ ಅತಿ ಚೆಂದದ ಕೆಲಸಗಳಲ್ಲಿ ಒಂದು ಎನ್ನುತ್ತೇನೆ. ಉದ್ದನೆಯ ಕಣಗಳು ಕಾಂತಕ್ಷೇತ್ರದಲ್ಲಿ ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ, ಹಾದುಹೋಗುವ ಬೆಳಕು ಧ್ರುವೀಕರಣಗೊಳ್ಳುತ್ತದೆ, ಅಂದರೆ ಅದರ ಅಲೆಗಳು ಒಂದು ದಿಕ್ಕಿನಲ್ಲಿ ಹೆಚ್ಚು ಕಂಪಿಸುತ್ತವೆ. ಸಿಲಿಕೇಟಿನ 9.7 ಮೈಕ್ರಾನ್ ಹಳ್ಳದಲ್ಲಿ ಧ್ರುವೀಕರಣ ಎದ್ದು ಕಾಣುತ್ತದೆ. ಸಾವಯವ ಪದರ ಅದೇ ಕಣದ ಮೇಲಿದ್ದರೆ 3.4ರಲ್ಲೂ ಧ್ರುವೀಕರಣ ಏರಬೇಕು. 1999ರಲ್ಲಿ ಆಂಡ್ರ್ಯೂ ಆಡಮ್ಸನ್ ತಂಡ ಐಆರ್‌ಎಸ್ 7ರಲ್ಲಿ ಅಳೆದರೆ ಏರಿಕೆಯೇ ಇಲ್ಲ. 2006ರಲ್ಲಿ ಜೀನ್ ಚಿಯಾರ್ ತಂಡ ಕ್ವಿಂಟುಪ್ಲೆಟ್ ನಕ್ಷತ್ರಗಳಲ್ಲಿ ಎರಡೂ ಹಳ್ಳಗಳನ್ನು ಒಂದೇ ದಿಕ್ಕಿನಲ್ಲಿ ಹೋಲಿಸಿ ಅದನ್ನೇ ಕಂಡಿತು. ಹೈಡ್ರೋಕಾರ್ಬನ್ ಇರುವುದು ಬೇರೆ ಕಣಗಳಲ್ಲಿ, ಬಹುಶಃ ಸಣ್ಣ, ಸಾಲಾಗಿ ನಿಲ್ಲದ ಕಣಗಳಲ್ಲಿ.

ಪಿಎಎಚ್ ಅಂತ ಕೇಳಿದ್ದೇವೆ, ಅದೂ ಇದೇನಾ?

ಬೇರೆ. ಪಿಎಎಚ್ ಅಂದರೆ ಬೆನ್ಜೀನ್ ಉಂಗುರಗಳು ಜೇನುಗೂಡಿನಂತೆ ಹೆಣೆದುಕೊಂಡ ಅಣುಗಳು. ಅವು ಅತಿನೇರಳೆ ಬೆಳಕು ನುಂಗಿ 3.3, 6.2, 7.7, 8.6, 11.3 ಮೈಕ್ರಾನಿನಲ್ಲಿ ಬೆಳಕು ಸೂಸುತ್ತವೆ, ಅಂದರೆ ಹಳ್ಳವಲ್ಲ, ಉಬ್ಬು. 3.4ರ ಹಳ್ಳ ಸರಪಳಿ ಹೈಡ್ರೋಕಾರ್ಬನ್‌ಗಳದು.

ಅದು ಬ್ಯಾಕ್ಟೀರಿಯಾ ಎಂದು ಫ್ರೆಡ್ ಹಾಯ್ಲ್ ಹೇಳಿದ್ದರಲ್ಲವೇ?

ಹೇಳಿದ್ದರು. ಡಯಾಲ್ ಅವರ ಅಣ್ಣ ಚಂದ್ರ ವಿಕ್ರಮಸಿಂಘೆ ಮತ್ತು ಹಾಯ್ಲ್ ಅಂತರತಾರಾ ದೂಳಿನ ಬಹುಪಾಲು ಒಣಗಿದ ಸೂಕ್ಷ್ಮಜೀವಿಗಳೇ ಎಂದು ವಾದಿಸಿದರು. ಒಣಗಿಸಿದ ಇ. ಕೋಲೈಯ ಪ್ರಯೋಗಾಲಯದ ರೋಹಿತವನ್ನು ಐಆರ್‌ಎಸ್ 7ರ ಚುಕ್ಕೆಗಳ ಮೇಲಿಟ್ಟು ತೋರಿಸಿದರು. ಗೆರೆ ಚುಕ್ಕೆಗಳ ಮೇಲೆ ಚೆನ್ನಾಗಿಯೇ ಕೂತಿತು. ಮೊದಲ ಸಲ ನೋಡಿದವರು ಬೆರಗಾಗುವುದು ಸಹಜ.

ಆದರೆ ಬ್ಯಾಕ್ಟೀರಿಯಾದಲ್ಲಿ ಕೊಬ್ಬು, ಪ್ರೋಟೀನ್ ಇರುವುದರಿಂದ ಸಿಎಚ್ ಬಂಧಗಳು ಇದ್ದೇ ಇರುತ್ತವೆ, 3.4ರಲ್ಲಿ ಹೊಂದದಿದ್ದರೇ ಆಶ್ಚರ್ಯ. ನಿಜವಾದ ಪರೀಕ್ಷೆ ಬೇರೆ ಕಡೆ ಇದೆ. ಪ್ರೋಟೀನಿಗೆ 6.0 ಮತ್ತು 6.5 ಮೈಕ್ರಾನಿನಲ್ಲಿ ಬಲವಾದ ಅಮೈಡ್ ಗುರುತುಗಳಿವೆ. ತೆಳು ಮಾಧ್ಯಮದ ರೋಹಿತದಲ್ಲಿ ಅವು ಆ ಪ್ರಮಾಣದಲ್ಲಿ ಇಲ್ಲ. 2002ರಲ್ಲಿ ಇವಾನ್ ಪೆಂಡಲ್ಟನ್ ಮತ್ತು ಲೂ ಅಲ್ಲಮಂಡೋಲಾ ಹತ್ತಾರು ಅಭ್ಯರ್ಥಿ ವಸ್ತುಗಳನ್ನು ಸಾಲಾಗಿಟ್ಟು ಹೋಲಿಸಿದಾಗ ಹೊಂದಿದ್ದು ಆಕ್ಸಿಜನ್, ನೈಟ್ರೋಜನ್ ಬಹಳ ಕಡಿಮೆ ಇರುವ ಹೈಡ್ರೋಜನ್‌ಯುಕ್ತ ಕಾರ್ಬನ್. ಜೀವಕೋಶದಲ್ಲಿ ಈ ಎರಡೂ ಧಾರಾಳ.

ಫಾಸ್ಫರಸ್ ಲೆಕ್ಕವೂ ಇದೆ. ಸೂರ್ಯನಲ್ಲಿರುವ ಪ್ರಮಾಣ ನೋಡಿದರೆ ಸುಮಾರು ಸಾವಿರ ಕಾರ್ಬನ್ ಪರಮಾಣುಗಳಿಗೆ ಒಂದು ಫಾಸ್ಫರಸ್. ಬ್ಯಾಕ್ಟೀರಿಯಾಕ್ಕೆ ನಲವತ್ತು-ಐವತ್ತು ಕಾರ್ಬನ್‌ಗೆ ಒಂದು ಬೇಕು. ಇಡೀ ಗ್ಯಾಲಕ್ಸಿಯ ಫಾಸ್ಫರಸ್ ಸುರಿದರೂ ದೂಳಿನ ಕಾರ್ಬನನ್ನೆಲ್ಲ ಜೀವಕೋಶ ಮಾಡಲಾಗದು. ಹಾಯ್ಲ್ ದೊಡ್ಡ ವಿಜ್ಞಾನಿ, ಧಾತುಗಳು ನಕ್ಷತ್ರಗಳ ಒಡಲಲ್ಲಿ ಹೇಗೆ ತಯಾರಾಗುತ್ತವೆ ಎಂಬ ತಿಳಿವಳಿಕೆಯಲ್ಲಿ ಅವರ ಪಾಲು ಹಿರಿದು. ಆ ಗೌರವ ಈ ವಾದಕ್ಕೆ ಸಾಕ್ಷಿಯಾಗುವುದಿಲ್ಲ.

ಇಸ್ರೊ ಬಲೂನಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತ್ತಲ್ಲ?

ಸಿಕ್ಕಿತ್ತು. 2005ರ ಏಪ್ರಿಲ್‌ನಲ್ಲಿ ಹೈದರಾಬಾದಿನಿಂದ ಹಾರಿಸಿದ ಬಲೂನು 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಸಂಗ್ರಹಿಸಿತು. 2009ರಲ್ಲಿ ಮೂರು ಹೊಸ ಪ್ರಭೇದಗಳನ್ನು ಪ್ರಕಟಿಸಿದರು, ಒಂದಕ್ಕೆ ಹಾಯ್ಲ್ ಹೆಸರೇ ಇಟ್ಟರು: ಜಾನಿಬ್ಯಾಕ್ಟರ್ ಹಾಯ್ಲೈ. ಅವು ಭೂಮಿಯ ಆಚೆಯಿಂದ ಬಂದವು ಎಂದು ಇದರಿಂದ ಸಾಬೀತಾಗದು ಎಂದು ಇಸ್ರೊ ಆಗಲೇ ಹೇಳಿತ್ತು. ದೂಳಿನ ರೋಹಿತಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ.

ಒಟ್ಟು ಎಷ್ಟಿದೆ ಈ ವಸ್ತು?

ಹಳ್ಳದ ಆಳದಿಂದ ಬಂಧಗಳ ಸಂಖ್ಯೆ ತೆಗೆಯಬೇಕಾದರೆ ಒಂದು ಬಂಧ ಎಷ್ಟು ಬಲವಾಗಿ ಹೀರುತ್ತದೆ ಎಂದು ಪ್ರಯೋಗಾಲಯದಲ್ಲಿ ಅಳೆದಿರಬೇಕು. 2018ರಲ್ಲಿ ಆಸ್ಟ್ರೇಲಿಯಾ ಮತ್ತು ಟರ್ಕಿಯ ತಂಡವೊಂದು ಅಂತರತಾರಾ ದೂಳನ್ನು ಹೋಲುವ ಕಣಗಳನ್ನು ತಯಾರಿಸಿ ಅಳೆಯಿತು. ಫಲಿತಾಂಶ: ಪ್ರತಿ ಹತ್ತು ಲಕ್ಷ ಹೈಡ್ರೋಜನ್‌ಗೆ ಸುಮಾರು 100 ಇಂಥ ಕಾರ್ಬನ್ ಪರಮಾಣುಗಳು, ಲಭ್ಯವಿರುವ ಕಾರ್ಬನ್ನಿನ ಕಾಲುಭಾಗದಿಂದ ಅರ್ಧದಷ್ಟು. ಪತ್ರಿಕೆಗಳು ಇದನ್ನು ಬಾಹ್ಯಾಕಾಶದ ಜಿಡ್ಡು ಎಂದು ಕರೆದು ಸಂಭ್ರಮಿಸಿದವು.

ಇದು ಎಲ್ಲಿ ತಯಾರಾಗುತ್ತದೆ? ಭೂಮಿಗೂ ಬಂದಿದೆಯೇ?

ಸಾಯುವ ಹಂತದ, ಕಾರ್ಬನ್ ಹೆಚ್ಚಿರುವ ನಕ್ಷತ್ರಗಳ ಸುತ್ತ ತಯಾರಾಗುತ್ತದೆ ಎಂಬುದಕ್ಕೆ ಸಿಆರ್‌ಎಲ್ 618 ಎಂಬ ಎಳೆಯ ನೀಹಾರಿಕೆ ಸಾಕ್ಷಿ; ಅಲ್ಲೂ 3.4ರ ಹಳ್ಳವಿದೆ. ಎನ್‌ಜಿಸಿ 1068ರಂಥ ಬೇರೆ ಗ್ಯಾಲಕ್ಸಿಗಳಲ್ಲೂ ಇದೆ.

1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಿಂದ ತೆಗೆದ ಸಾವಯವ ಶೇಷದ 3.4 ರೋಹಿತ ಕೇಂದ್ರದ ಬಳಿಯ ಐಆರ್‌ಎಸ್ 7ರಂಥ ಮೂಲಗಳದ್ದನ್ನು ಬಹಳ ಹೋಲುತ್ತದೆ. ರೊಸೆಟ್ಟಾ ನೌಕೆ 67ಪಿ ಧೂಮಕೇತುವಿನ ಮೇಲ್ಮೈಯಲ್ಲಿ ಕಂಡ ಅಗಲ ಹಳ್ಳದೊಳಗೂ ಇದೇ ತಗ್ಗುಗಳನ್ನು 2020ರಲ್ಲಿ ಗುರುತಿಸಿದರು. ನಂಟು ಇರುವ ಸಾಧ್ಯತೆ ದೊಡ್ಡದು. ಆದರೂ ಮೇಲಿನ ಎಚ್ಚರಿಕೆ ಇಲ್ಲೂ ಅನ್ವಯ: ಬಂಧ ಒಂದೇ ಇದ್ದ ಮಾತ್ರಕ್ಕೆ ಮೂಲ ಒಂದೇ ಆಗಬೇಕಿಲ್ಲ.

ಭಾರತದ ದೂರದರ್ಶಕಗಳಿಂದ ನೋಡಬಹುದೇ?

ಭಾಗಶಃ. ಲಡಾಖ್‌ನ ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಹೊಸಕೋಟೆಯ ಕೇಂದ್ರದಿಂದ. ಅದರ ಅವಕೆಂಪು ರೋಹಿತಮಾಪಕ 2.5 ಮೈಕ್ರಾನಿಗೆ ನಿಲ್ಲುತ್ತದೆ. ಕೆಂಪಾದ ನಕ್ಷತ್ರದ ಜಾತಿ ಗುರುತಿಸಲು ಸಾಕು, 3.4ಕ್ಕೆ ಸಾಲದು. ಉತ್ತರಾಖಂಡದ ದೇವಸ್ಥಲದ 3.6 ಮೀಟರ್ ದೂರದರ್ಶಕದಲ್ಲಿ ಟರ್‌ಕ್ಯಾಮ್2 ಎಂಬ ಕ್ಯಾಮೆರಾ 3.7 ಮೈಕ್ರಾನಿನವರೆಗೆ ಹೋಗುತ್ತದೆ, ಪಿಎಎಚ್‌ನ 3.28ಕ್ಕೆಂದೇ ಒಂದು ಫಿಲ್ಟರ್ ಅದರಲ್ಲಿದೆ. ಅದು ಕೊಡುವುದು ಚಿತ್ರ, ರೋಹಿತವಲ್ಲ.

ಜೇಮ್ಸ್ ವೆಬ್ ಬಂದ ಮೇಲೆ ಏನು ಬದಲಾಯಿತು? ಇನ್ನೂ ಬಿಡಿಸದ ಗಂಟು ಯಾವುದು?

ದೂಳಿನ ಮಿತಿ ದೂರ ಸರಿಯಿತು. 2023ರಲ್ಲಿ ಪ್ರಕಟವಾದ ಕೆಲಸದಲ್ಲಿ ಕೆಮೀಲಿಯಾನ್ ಮೋಡದ ಹಿಂದಿನ ಎರಡು ನಕ್ಷತ್ರಗಳನ್ನು ನೋಡಿದರು. ಅವುಗಳ ಮುಂದಿನ ದೂಳು ಸುಮಾರು 60 ಮತ್ತು 95 ಮ್ಯಾಗ್ನಿಟ್ಯೂಡ್, ಆಕಾಶಗಂಗೆಯ ಕೇಂದ್ರದ ದಾರಿಗಿಂತ ಎರಡು-ಮೂರು ಪಟ್ಟು. ಅಷ್ಟು ದಟ್ಟಣೆಯಲ್ಲೂ ನೀರು, ಮೀಥೇನ್, ಅಮೋನಿಯಾ, ಮೆಥನಾಲ್ ಹಿಮಗಳನ್ನು ಬಿಡಿಬಿಡಿಯಾಗಿ ಓದಲು ಆಯಿತು.

ಗಂಟು ಮಾತ್ರ ತೆಳು ಮಾಧ್ಯಮದ ಕಡೆಯೇ ಉಳಿದಿದೆ. ನಮ್ಮ ನೆರೆಯಲ್ಲಿ 3.4ರ ಹಳ್ಳ ಒಂದು ಘಟಕ ಆಳವಾಗಲು, ಅಂದರೆ ಅಲ್ಲಿ ಬೆಳಕು ಸುಮಾರು ಮೂರರಲ್ಲೊಂದಕ್ಕೆ ಇಳಿಯಲು, ಸುಮಾರು 250 ಮ್ಯಾಗ್ನಿಟ್ಯೂಡ್ ದೂಳು ಬೇಕು. ಕೇಂದ್ರದ ದಿಕ್ಕಿನಲ್ಲಿ 150 ಸಾಕು. ಅಂದರೆ ಅಷ್ಟೇ ದೂಳಿಗೆ ಅಲ್ಲಿ ಹೈಡ್ರೋಕಾರ್ಬನ್ ಹೆಚ್ಚು. ಸಿಲಿಕೇಟಿನ ಹಳ್ಳವೂ ಅಲ್ಲಿ ಅದೇ ರೀತಿ ಆಳವಾಗಿದೆ. ಕೇಂದ್ರದ ಸುತ್ತ ಕಣಗಳ ಗಾತ್ರ ಬೇರೆಯೇ, ಅಥವಾ ದಾರಿಯಲ್ಲಿ ತೆಳು ಮಾಧ್ಯಮದ ಪಾಲು ಬೇರೆಯೇ ಎಂಬ ವಾದಗಳಿವೆ. ಕೇಂದ್ರಕ್ಕೂ ನಮಗೂ ನಡುವಿನ ಬೇರೆ ಬೇರೆ ದೂರಗಳಲ್ಲಿ, ರೋಹಿತ ನುಣುಪಾಗಿರುವ ಕೆಂಪಾದ ನಕ್ಷತ್ರಗಳನ್ನು ಸಾಲಾಗಿ ಅಳೆದರೆ ಯಾವುದು ಸರಿ ಎಂದು ತೀರ್ಮಾನಿಸಬಹುದು. ಅಂಥ ಬಿಸಿ ನಕ್ಷತ್ರಗಳು ಬೇಕಾದಲ್ಲಿ ಸಿಗುವುದು ಕಡಿಮೆ.